ಮೊದಲ ಹಳೆಯ ಸ್ಪೋರ್ಟ್ಸ್ ಕಾರು: ನಿಮ್ಮ ತಪ್ಪನ್ನು ಸಹಿಸುವುದು ಯಾವುದು, ಜೇಬನ್ನು ಸುಡುವುದು ಯಾವುದು?

ಹಳೆಯ ಸ್ಪೋರ್ಟ್ಸ್ ಕಾರಿನ ಜಾಹೀರಾತು ನೋಡುವಾಗ ಕಣ್ಣು ಮೊದಲು ಹೋಗುವುದು ಹಾರ್ಸ್‌ಪವರ್ ಮೇಲೆ, ಆಮೇಲೆ ಬೆಲೆಯ ಮೇಲೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ನನ್ನ ಕಣ್ಣೂ ಹಾಗೇ ಹೋಗಿತ್ತು. ಆದರೆ ಹದಿನೈದು, ಇಪ್ಪತ್ತು, ಮೂವತ್ತು ವರ್ಷ ಓಡಿದ ಕಾರಿನ ಬಗ್ಗೆ ಈ ಎರಡು ಅಂಕಿಗಳಿಂದ ಏನೂ ಗೊತ್ತಾಗುವುದಿಲ್ಲ. ಈಗ ಯಾರಾದರೂ ಸಲಹೆ ಕೇಳಿದರೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ನೀವು ತಪ್ಪು ಮಾಡಿದಾಗ ಈ ಕಾರು ಏನು ಮಾಡುತ್ತದೆ? ಕಾರೇ ಕೈಕೊಟ್ಟಾಗ ಹಾಳಾಗುವುದು ಯಾವ ಭಾಗ?

ಎಂಜಿನ್ ಎಷ್ಟು ಜೋರು ಅನ್ನೋದು ಆಮೇಲಿನ ಮಾತು.

ನಿಮ್ಮ ತಪ್ಪು, ಕಾರಿನ ಉತ್ತರ

ಗೆಳೆಯನೊಬ್ಬನ ಹತ್ತಿರ ಎರಡನೇ ತಲೆಮಾರಿನ ಟೊಯೋಟಾ ಎಂಆರ್2 ಇತ್ತು. ಎಂಜಿನ್ ಸೀಟಿನ ಹಿಂದೆ, ಹಿಂದಿನ ಚಕ್ರಕ್ಕಿಂತ ಮುಂದೆ, ಅಂದರೆ ಕಾರಿನ ನಡುವೆ. ಮಳೆ ಆಗಷ್ಟೇ ನಿಂತಿತ್ತು. ನಾನು ಒಂದು ತಿರುವಿಗೆ ಸ್ವಲ್ಪ ಜಾಸ್ತಿ ವೇಗದಲ್ಲಿ ನುಗ್ಗಿದೆ, ಹೆದರಿದೆ, ಹೆದರಿದವರೆಲ್ಲ ಮಾಡುವಂತೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ. ಅಷ್ಟೇ. ಕಾರಿನ ಹಿಂಭಾಗ ನನ್ನನ್ನು ದಾಟಿಕೊಂಡು ಮುಂದೆ ಬರಲು ಹೊರಟಿತು. ನಾನು ಸ್ಟಿಯರಿಂಗ್ ತಿರುಗಿಸುವಷ್ಟರಲ್ಲಿ ಕಾರು ಬಂದ ದಾರಿಗೇ ಮುಖ ಮಾಡಿ ನಿಂತಿತ್ತು. ಎದುರಿನಿಂದ ಯಾರೂ ಬರುತ್ತಿರಲಿಲ್ಲ, ಅದೊಂದು ಪುಣ್ಯ. ಗೆಳೆಯ ಐದು ನಿಮಿಷ ಮಾತೇ ಆಡಲಿಲ್ಲ.

ಕಾಲು ತೆಗೆದ ಕ್ಷಣ ಕಾರಿನ ಭಾರ ಮುಂದಕ್ಕೆ ವಾಲುತ್ತದೆ. ಹಿಂದಿನ ಟೈರುಗಳ ಮೇಲೆ ಒತ್ತಡ ಕಡಿಮೆಯಾಗಿ ಅವು ಹಿಡಿತ ಬಿಡುತ್ತವೆ. ಇದು ಎಲ್ಲ ಕಾರಿಗೂ ಆಗುವಂಥದ್ದೇ. ಆದರೆ ಎಂಜಿನ್ ನಡುವೆ ಇರುವ ಕಾರಿನಲ್ಲಿ ತೂಕವೆಲ್ಲ ಮಧ್ಯದಲ್ಲೇ ಒತ್ತಾಗಿರುತ್ತದೆ. ಹಾಗಾಗಿ ಅದು ಬುಗುರಿಯಂತೆ ಚಕ್ಕನೆ ತಿರುಗುತ್ತದೆ. ಕೈ ಪಳಗಿದವರಿಗೆ ಅದೇ ಮಜಾ, ಕಲಿಯುತ್ತಿರುವವರಿಗೆ ಅದೇ ಗಂಡಾಂತರ. ಈ ಮಾದರಿಯ ಮೇಲೆ ದೂರು ಜಾಸ್ತಿಯಾದ ಮೇಲೆ ಟೊಯೋಟಾ 1990ರ ದಶಕದ ಆರಂಭದಲ್ಲೇ ಹಿಂದಿನ ಸಸ್ಪೆನ್ಷನ್ ತಿದ್ದಿತು, ಟೈರನ್ನೂ ಅಗಲ ಮಾಡಿತು. ಆದರೂ ಇದನ್ನು ಮೊದಲ ಕಾರಾಗಿ ತಗೊಳ್ಳಿ ಅಂತ ನನ್ನ ಬಾಯಿಂದ ಬರುವುದಿಲ್ಲ.

ಎಂಜಿನ್ ಮುಂದೆ, ಓಡಿಸುವ ಚಕ್ರ ಹಿಂದೆ ಇರುವ ಹಗುರ ಕಾರು ಹೀಗಲ್ಲ. ಅದೂ ಜಾರುತ್ತದೆ, ಆದರೆ ಮೊದಲೇ ಹೇಳಿ ಜಾರುತ್ತದೆ. ಸೀಟಿನ ಮೂಲಕ, ಸ್ಟಿಯರಿಂಗ್ ಮೂಲಕ ಒಂದು ಸುಳಿವು ಬರುತ್ತದೆ. ತಿದ್ದಿಕೊಳ್ಳಲು ಅರ್ಧ ಕ್ಷಣ ಸಿಗುತ್ತದೆ. ಮುಂದಿನ ಚಕ್ರ ಓಡಿಸುವ ಕಾರು ಇನ್ನೂ ಸಾಧು. ವೇಗ ಜಾಸ್ತಿಯಾದರೆ ಮೂಗು ನೇರಕ್ಕೆ ಹೋಗುತ್ತದೆ, ಕಾಲು ತೆಗೆದರೆ ಸಾಮಾನ್ಯವಾಗಿ ದಾರಿಗೆ ಬರುತ್ತದೆ. ಸಾಮಾನ್ಯವಾಗಿ ಅಂದೆ. 1980ರ ದಶಕದ ಪ್ಯೂಜೊ 205 ಜಿಟಿಐ ಕೂಡ ಮುಂದಿನ ಚಕ್ರದ್ದೇ, ಆದರೆ ತಿರುವಿನ ನಡುವೆ ಕಾಲು ತೆಗೆದರೆ ಹಿಂಭಾಗ ಬೀಸುವುದಕ್ಕೇ ಅದು ಹೆಸರುವಾಸಿ.

ಇಲ್ಲಿ ಇಎಸ್‌ಸಿ ಅನ್ನುವ ಮೂರು ಅಕ್ಷರ ನೆನಪಿಡಿ. ಕಾರು ಅಡ್ಡ ತಿರುಗಲು ಹೊರಟರೆ ಬೇಕಾದ ಒಂದೊಂದೇ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ನೆಟ್ಟಗೆ ತರುವ ವ್ಯವಸ್ಥೆ ಇದು. ಬಾಷ್ ಕಂಪನಿಯ ಇಎಸ್‌ಪಿ ಹೆಸರಿನಲ್ಲಿ 1995ರಲ್ಲಿ ಮರ್ಸಿಡಿಸ್‌ನ ದುಬಾರಿ ಕಾರಿನಲ್ಲಿ ಬಂತು. ಅಮೆರಿಕದಲ್ಲಿ 2012ರ ಮಾದರಿಗಳಿಂದ, ಯುರೋಪಿನಲ್ಲಿ 2014ರ ಕೊನೆಯಿಂದ ಎಲ್ಲ ಹೊಸ ಕಾರಿಗೂ ಕಡ್ಡಾಯವಾಯಿತು. ಅಂದರೆ ನಾವು ಹುಡುಕುವ ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ತುಂಬಾ ಕಾರುಗಳಿಗೆ ಇದು ಇಲ್ಲ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೂಡ ಕೆಲವಕ್ಕೆ ಇಲ್ಲ. ಇಲ್ಲದ ಕಾರು ತಗೊಳ್ಳಲೇಬಾರದು ಅಂತ ಹೇಳುತ್ತಿಲ್ಲ. ಆದರೆ ಇಲ್ಲದಿದ್ದರೆ ಶಕ್ತಿ ಕಡಿಮೆ ಇರಲಿ, ಟೈರು ಒಳ್ಳೆಯದಿರಲಿ. ಇನ್ನೂರಐವತ್ತು ಹಾರ್ಸ್‌ಪವರ್, ಹಿಂದಿನ ಚಕ್ರ, ಇಎಸ್‌ಸಿ ಇಲ್ಲ, ಹಳೇ ಟೈರು, ಮೇಲೆ ಮಳೆ. ಈ ಐದೂ ಕೂಡಿದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಾ?

ಶಕ್ತಿಯನ್ನು ಸುಮ್ನೆ ಒಂಟಿಯಾಗಿ ನೋಡಬೇಡಿ, ತೂಕದ ಜೊತೆ ನೋಡಿ. ಮಾಜ್ದಾ ಕಂಪನಿಯ ಪುಟ್ಟ ಓಪನ್ ಕಾರು ಎಂಎಕ್ಸ್-5ರ ಮೊದಲ ತಲೆಮಾರಿನ 1.6 ಲೀಟರ್ ಎಂಜಿನ್ ಸುಮಾರು 115 ಹಾರ್ಸ್‌ಪವರ್, ಕಾರಿನ ತೂಕ ಒಂದು ಟನ್ನಿನ ಒಳಗೇ. ನಿಸಾನ್ 350ಝಡ್ ಸುಮಾರು 280 ಹಾರ್ಸ್‌ಪವರ್, ತೂಕ ಒಂದೂವರೆ ಟನ್ ಹತ್ತಿರ. ಕಾಗದದ ಮೇಲೆ ಎರಡನೆಯದೇ ದೊಡ್ಡ ಹುಲಿ. ಆದರೆ ಹಗುರ ಕಾರಿನ ಪೂರ್ತಿ ಶಕ್ತಿಯನ್ನು ಸಾಮಾನ್ಯ ರಸ್ತೆಯಲ್ಲೇ ಬಳಸಬಹುದು, ಗೇರಿನ ಆಟ ಕಲಿಯಬಹುದು. ಭಾರೀ ಕಾರಿನಲ್ಲಿ ಮೂರನೇ ಗೇರಿಗೆ ಬರುವಷ್ಟರಲ್ಲಿ ಲೈಸೆನ್ಸು ಕೈಬಿಡುವ ವೇಗ ಬಂದಿರುತ್ತದೆ.

ಎಂಎಕ್ಸ್-5: ಎಲ್ಲರೂ ಹೇಳುವ ಉತ್ತರ, ಮತ್ತು ಅದು ಸರಿ

ಮಾಜ್ದಾ ಎಂಎಕ್ಸ್-5 ಅಥವಾ ಮಿಯಾಟಾ 1989ರಲ್ಲಿ ಬಂತು. 2016ರಲ್ಲಿ ಹತ್ತು ಲಕ್ಷದ ಕಾರು ತಯಾರಾಯಿತು. ಅಷ್ಟು ಕಾರು ಇದ್ದರೆ ಬಿಡಿಭಾಗವೂ ಅಷ್ಟೇ ಸುಲಭವಾಗಿ ಸಿಗುತ್ತದೆ. ಹಳೆಯ ಕಾರಿಗೆ ಇದಕ್ಕಿಂತ ದೊಡ್ಡ ವರ ಇಲ್ಲ.

ಮೊದಲ ತಲೆಮಾರು ಎನ್‌ಎ, ಮೇಲೇಳುವ ಹೆಡ್‌ಲೈಟಿನದು. ಎರಡನೆಯದು ಎನ್‌ಬಿ, 1998ರಿಂದ 2005ರವರೆಗೆ. ಮೂರನೆಯದು ಎನ್‌ಸಿ, 2005ರಿಂದ 2015ರವರೆಗೆ, ಸ್ವಲ್ಪ ದಪ್ಪ, ಆದರೆ ಗಟ್ಟಿ. ಮೊದಲ ಎರಡರ ಎಂಜಿನ್ ಸಾಯುವುದು ಅಪರೂಪ. ಸಾಯುವುದು ಕಬ್ಬಿಣ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಡಚುವ ಬಟ್ಟೆಯ ಚಾವಣಿ (ಹುಡ್) ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿನ ಎರಡು ಮೂಲೆಗೆ ಇಳಿದು, ಅಲ್ಲಿರುವ ಸಣ್ಣ ಕೊಳವೆಗಳ ಮೂಲಕ ಹಿಂದಿನ ಚಕ್ರದ ಮುಂದೆ ಹೊರಗೆ ಹೋಗಬೇಕು. ಆ ಕೊಳವೆಯಲ್ಲಿ ಎಲೆ, ಮಣ್ಣು ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಭಾಗಕ್ಕೆ, ಅಂದರೆ ಸಿಲ್‌ಗೆ, ಸೇರಿ ನಿಲ್ಲುತ್ತದೆ. ತುಕ್ಕು ಒಳಗಿನಿಂದ ಹುಟ್ಟುತ್ತದೆ. ಹೊರಗೆ ಬಣ್ಣದ ಮೇಲೆ ಒಂದು ಗುಳ್ಳೆ ಕಾಣುವಷ್ಟರಲ್ಲಿ ಒಳಗೆ ತಗಡೇ ಉಳಿದಿರುವುದಿಲ್ಲ. ಹಾಗಾಗಿ ಬಗ್ಗಿ, ಹಿಂದಿನ ಚಕ್ರದ ಮುಂದಿನ ಆ ಒಂದು ಗೇಣು ಜಾಗವನ್ನು ಬೆರಳಿನಿಂದ ಒತ್ತಿ ನೋಡಿ. ಸೀಟಿನ ಹಿಂದಿನ ಕಾರ್ಪೆಟ್ ಮುಟ್ಟಿ ನೋಡಿ, ಒದ್ದೆಯಿದ್ದರೆ ಕಥೆ ಗೊತ್ತಾಯಿತು. ಎನ್‌ಬಿ ಆದರೆ ಮುಂಭಾಗದ ಚಾಸಿ ರೈಲುಗಳನ್ನೂ, ಅಂದರೆ ಕಾರಿನ ಭಾರ ಹೊರುವ ಉದ್ದ ತೊಲೆಗಳನ್ನೂ, ಕೆಳಗಿನಿಂದ ನೋಡಬೇಕು, ಅಲ್ಲೂ ತುಕ್ಕು ಒಳಗಿನಿಂದಲೇ ತಿನ್ನುತ್ತದೆ.

1991ರ ಆಸುಪಾಸಿನವರೆಗಿನ 1.6 ಕಾರುಗಳಲ್ಲಿ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ನ ಮುಂದಿನ ಮೂತಿ ಗಿಡ್ಡ. ವಾಲ್ವುಗಳನ್ನು ಪಿಸ್ಟನ್ನಿನ ತಾಳಕ್ಕೆ ಓಡಿಸುವ ಟೈಮಿಂಗ್ ಬೆಲ್ಟಿನ ಕೆಲಸ ಮಾಡಿದವರು ಅಲ್ಲಿನ ಬೋಲ್ಟ್ ಸರಿಯಾಗಿ ಬಿಗಿ ಮಾಡದಿದ್ದರೆ ಕೀಲಿ ಸವೆದು ಕ್ರ್ಯಾಂಕೇ ಹಾಳಾಗುತ್ತದೆ. ಎಂಜಿನ್ ಓಡುವಾಗ ಮುಂದಿನ ಪುಲ್ಲಿ ತೂರಾಡುತ್ತಿದ್ದರೆ ಬಿಟ್ಟುಬಿಡಿ. ಬೆಲ್ಟನ್ನು ಸುಮಾರು ಒಂದು ಲಕ್ಷ ಕಿಲೋಮೀಟರಿಗೆ ಬದಲಿಸಬೇಕು. ಒಳ್ಳೆಯ ಸುದ್ದಿ ಅಂದರೆ ಎನ್‌ಎ ಎಂಜಿನ್‌ನಲ್ಲಿ ಬೆಲ್ಟ್ ತುಂಡಾದರೂ ವಾಲ್ವು ಪಿಸ್ಟನ್ನಿಗೆ ಬಡಿಯುವುದಿಲ್ಲ. ಕಾರು ನಿಲ್ಲುತ್ತದೆ, ಎಂಜಿನ್ ಉಳಿಯುತ್ತದೆ.

ಕೊರತೆ ಏನು? ಸುರಕ್ಷತೆ. ಕೆಲವು ಮಾರುಕಟ್ಟೆಯ ಆರಂಭದ ಕಾರುಗಳಲ್ಲಿ ಏರ್‌ಬ್ಯಾಗೂ ಇಲ್ಲ. ಎನ್‌ಎ, ಎನ್‌ಬಿ ಎರಡರಲ್ಲೂ ಮಗುಚಿದರೆ ತಲೆ ಕಾಯಲು ಸೀಟಿನ ಹಿಂದೆ ಗಟ್ಟಿ ಕಮಾನೂ ಇಲ್ಲ. ಹೋಂಡಾ ಎಸ್2000, ಪೋರ್ಷೆ ಬಾಕ್ಸ್‌ಸ್ಟರ್‌ಗಳಲ್ಲಿ ಅದು ಕಾರ್ಖಾನೆಯಿಂದಲೇ ಬಂದಿದೆ. ಏರ್‌ಬ್ಯಾಗಿನ ಕಾರಣಕ್ಕೇ ಇಪ್ಪತ್ತರ ಹುಡುಗ ಹುಡುಗಿಯರಿಗೆ ನಾನು ಎನ್‌ಎಗಿಂತ ಎನ್‌ಬಿ ಅಥವಾ ಎನ್‌ಸಿ ಅನ್ನುತ್ತೇನೆ. ಮೇಲೇಳುವ ಹೆಡ್‌ಲೈಟ್ ಚಂದ, ಒಪ್ಪುತ್ತೇನೆ.

ಹೊಸದರಲ್ಲಿ ಹಳೆಯದು: ಟೊಯೋಟಾ 86 ಮತ್ತು ಸುಬಾರು ಬಿಆರ್‌ಝಡ್

ಸ್ವಲ್ಪ ಜಾಸ್ತಿ ದುಡ್ಡು ಹಾಕಬಲ್ಲವರಿಗೆ ನನ್ನ ಮೊದಲ ಉತ್ತರ ಇದೇ. 2012ರಲ್ಲಿ ಬಂದ ಈ ಜೋಡಿ ಕಾರುಗಳು ಸುಮಾರು 200 ಹಾರ್ಸ್‌ಪವರ್, ತೂಕ 1,250 ಕಿಲೋ ಆಸುಪಾಸು. ಇಎಸ್‌ಸಿ ಇದೆ, ಏರ್‌ಬ್ಯಾಗುಗಳಿವೆ, ಗಟ್ಟಿ ಚಾವಣಿ ಇದೆ, ಹಿಂದೆ ಬ್ಯಾಗ್ ಇಡುವಷ್ಟು ಎರಡು ಸೀಟೂ ಇದೆ. ಒಂದು ತಮಾಷೆ ಕೇಳಿ: ಕಾರ್ಖಾನೆಯಿಂದ ಬರುವಾಗ ಇದಕ್ಕೆ ಹಾಕುತ್ತಿದ್ದದ್ದು ಪ್ರಿಯಸ್‌ನಂಥ ಮಿತವ್ಯಯದ ಕಾರಿಗೂ ಹಾಕುವ ಮಿಶೆಲಿನ್ ಟೈರು. ಬೇಕಂತಲೇ ಹಿಡಿತ ಕಡಿಮೆ ಇಟ್ಟಿದ್ದರು, ಕಡಿಮೆ ವೇಗದಲ್ಲೇ ಕಾರಿನ ನಡೆ ಗೊತ್ತಾಗಲಿ ಅಂತ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗುವುದು ಕಷ್ಟ.

ಮೊದಲ ಎರಡು ವರ್ಷದ ಕಾರುಗಳ ವಾಲ್ವ್ ಸ್ಪ್ರಿಂಗ್ ಮುರಿಯಬಹುದು ಅಂತ ಕಂಪನಿ 2018ರಲ್ಲಿ ವಾಪಸ್ ಕರೆದು ಬದಲಿಸಿಕೊಟ್ಟಿತು. ಅದಕ್ಕೆ ಎಂಜಿನ್ ಬಿಚ್ಚಬೇಕಾದ ದೊಡ್ಡ ಕೆಲಸ. ಹಾಗಾಗಿ ಆ ಕೆಲಸ ಆಗಿದೆಯಾ, ಆದ ಮೇಲೆ ಎಷ್ಟು ಸಾವಿರ ಕಿಲೋಮೀಟರ್ ತೊಂದರೆಯಿಲ್ಲದೆ ಓಡಿದೆ, ಎರಡನ್ನೂ ಕೇಳಿ.

ಆಸೆ ಹುಟ್ಟಿಸುವವು

ಹೋಂಡಾ ಎಸ್2000 ಎಂಜಿನ್ ಬಗ್ಗೆ ಎಷ್ಟು ಹೊಗಳಿದರೂ ಕಡಿಮೆ. 1999ರಲ್ಲಿ ಬಂದ ಈ 2 ಲೀಟರ್ ಎಂಜಿನ್ ಟರ್ಬೊ ಇಲ್ಲದೆ 240 ಹಾರ್ಸ್‌ಪವರ್ ಕೊಡುತ್ತಿತ್ತು, ನಿಮಿಷಕ್ಕೆ 9,000 ಸುತ್ತಿನವರೆಗೂ ಏರುತ್ತಿತ್ತು. ಆರು ಸಾವಿರದ ಹತ್ತಿರ ವಿಟೆಕ್, ಅಂದರೆ ವಾಲ್ವು ತೆರೆಯುವ ರೀತಿ ಬದಲಿಸುವ ವ್ಯವಸ್ಥೆ, ಬದಲಾಗುವಾಗ ಎಂಜಿನ್ನಿನ ಸ್ವರವೇ ಬೇರೆಯಾಗುತ್ತದೆ. ತೊಂದರೆಯೂ ಅಲ್ಲೇ. ಒದ್ದೆ ತಿರುವಿನಲ್ಲಿ ಆ ಜಿಗಿತ ಬಂದರೆ ಹಿಂಭಾಗ ಕೈತಪ್ಪುತ್ತದೆ. 2004ರ ಮಾದರಿಗೆ ಸಸ್ಪೆನ್ಷನ್ ಸ್ವಲ್ಪ ಸಾಧುವಾಯಿತು, ಇಎಸ್‌ಸಿ ಬಂದದ್ದು 2006ರ ಮಾದರಿಯಿಂದ. ಅಷ್ಟು ಹೊಸದು ಅಗ್ಗಕ್ಕೆ ಸಿಗುವುದಿಲ್ಲ. ಅಗ್ಗಕ್ಕೆ ಸಿಕ್ಕಿದರೆ ಅದಕ್ಕೊಂದು ಅಪಘಾತದ ಚರಿತ್ರೆ ಇರುತ್ತದೆ ಅಂತಲೇ ಹೊರಡಿ.

ಪೋರ್ಷೆ ಬಾಕ್ಸ್‌ಸ್ಟರ್, 1996ರಿಂದ 2004ರವರೆಗಿನ 986 ಮಾದರಿ. ಪೋರ್ಷೆ ಇಷ್ಟು ಕಡಿಮೆಗಾ ಅಂತ ಬಾಯಿ ಬಿಡುವ ಹಾಗಿರುತ್ತದೆ ಬೆಲೆ. ಅಂದ ಹಾಗೆ, ಎಂಜಿನ್ ನಡುವೆಯೇ ಇದ್ದರೂ ಇದರ ನಡತೆ ಆ ಎಂಆರ್2ಗಿಂತ ಎಷ್ಟೋ ಸಮಾಧಾನದ್ದು. ಜೇಬಿನ ವಿಷಯಕ್ಕೆ ಬಂದರೆ ಬೇರೆ ಕಥೆ. ಬೆಲೆ ಇಳಿದಿರುವುದು ಕಾರಿನದು, ಬಿಡಿಭಾಗದ್ದಲ್ಲ. ಇದರ ಎಂಜಿನ್ ಒಳಗೆ ಐಎಂಎಸ್ ಅನ್ನುವ ಒಂದು ದಂಡ, ಅದರ ತುದಿಯಲ್ಲಿ ಒಂದು ಬೇರಿಂಗ್. ಆ ಬೇರಿಂಗ್ ಪುಡಿಯಾದರೆ ಎಂಜಿನ್ ಹೋದ ಹಾಗೇ. ಆರಂಭದ ಕಾರುಗಳಲ್ಲಿ ಇದ್ದದ್ದು ಎರಡು ಸಾಲು ಗುಂಡಿನ ಬೇರಿಂಗ್, ಅದು ವಾಸಿ. 2000ದ ಆಸುಪಾಸಿನಿಂದ ಬಂದ ಒಂದೇ ಸಾಲಿನದು ಹೆಚ್ಚು ಅಪಾಯದ್ದು. ಕ್ಲಚ್ ಬದಲಿಸುವಾಗ ಗೇರ್‌ಬಾಕ್ಸ್ ಹೇಗೂ ಕೆಳಗಿಳಿಯುತ್ತದೆ, ಬೇರಿಂಗ್ ಆಗಲೇ ಬದಲಿಸುವುದು ಜಾಣತನ. ಮಾರುವವರ ಹತ್ತಿರ ಆ ಬಿಲ್ ಇದೆಯಾ ಕೇಳಿ. ಇಲ್ಲದಿದ್ದರೆ ಆಯಿಲ್ ಫಿಲ್ಟರ್ ಕತ್ತರಿಸಿ ಒಳಗೆ ಲೋಹದ ಚೂರು ಇದೆಯಾ ನೋಡುವಂಥ ಮೆಕ್ಯಾನಿಕ್ ಬೇಕು. ಮುಂದಿನ ಬಂಪರಿನ ಎರಡು ಬಾಯಿಗಳಿಗೆ ಟಾರ್ಚ್ ಬಿಟ್ಟು ನೋಡಿ, ರೇಡಿಯೇಟರ್ ಮೇಲೆ ಎಲೆ ಕೊಳೆಯುತ್ತಿರುತ್ತದೆ. ಅಷ್ಟನ್ನೂ ತೆಗೆಯದವರು ಒಳಗಿನದನ್ನು ನೋಡಿಕೊಂಡಿರುತ್ತಾರಾ?

ಮಾಜ್ದಾ ಆರ್‌ಎಕ್ಸ್-8 ಇದಕ್ಕಿಂತ ಮೋಹಕ. ನಾಲ್ಕು ಸೀಟು, ತಿರುಗು ಮುರುಗಾಗಿ ತೆರೆಯುವ ಹಿಂದಿನ ಬಾಗಿಲು, ಪಿಸ್ಟನ್ನೇ ಇಲ್ಲದ 1.3 ಲೀಟರ್ ರೋಟರಿ ಎಂಜಿನ್, 230 ಹಾರ್ಸ್‌ಪವರ್ ಹತ್ತಿರ, ಮತ್ತು ಬೆಣ್ಣೆಯಂಥ ಸ್ಟಿಯರಿಂಗ್. ನಿಮ್ಮ ತಪ್ಪನ್ನು ಚೆನ್ನಾಗಿ ಸಹಿಸುವ ಕಾರು. ಆದರೆ ಎರಡನೇ ಪ್ರಶ್ನೆಯಲ್ಲಿ ಪೂರ್ತಿ ಫೇಲು. ರೋಟರಿನ ತುದಿಯ ಸೀಲುಗಳು ಸವೆದರೆ ಕಂಪ್ರೆಷನ್, ಅಂದರೆ ಎಂಜಿನ್ ಒಳಗೆ ಗಾಳಿ-ಪೆಟ್ರೋಲ್ ಅದುಮುವ ಒತ್ತಡ, ಬಿದ್ದುಹೋಗುತ್ತದೆ, ಎಂಜಿನ್ ಬಿಚ್ಚಿ ಕಟ್ಟಬೇಕು. ಇದು ಆಯಿಲ್ ಕುಡಿಯುವುದು ರೋಗವಲ್ಲ, ಕಟ್ಟಿರುವುದೇ ಹಾಗೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಎರಡು ಮೀಟರ್ ಸರಿಸಿ ಆಫ್ ಮಾಡಿದರೆ ಪೆಟ್ರೋಲ್ ತುಂಬಿಕೊಂಡು ಮತ್ತೆ ಸ್ಟಾರ್ಟೇ ಆಗದೆ ಹೋಗಬಹುದು. ನೋಡಲು ಹೋದಾಗ ಚೆನ್ನಾಗಿ ಓಡಿಸಿ, ಬಿಸಿಯಿದ್ದಾಗ ಆಫ್ ಮಾಡಿ, ತಕ್ಷಣ ಮತ್ತೆ ಸ್ಟಾರ್ಟ್ ಮಾಡಿ. ತಡವರಿಸಿದರೆ ಕೈಮುಗಿದು ಬನ್ನಿ. ರೋಟರಿಗೇ ಇರುವ ಕಂಪ್ರೆಷನ್ ಟೆಸ್ಟ್ ಮಾಡಿಸದೆ ಯಾರೂ ತಗೊಳ್ಳಬಾರದು. ಇದೊಂದೇ ಕಾರು ಮನೆಯಲ್ಲಿರುವವರಂತೂ ಬೇಡವೇ ಬೇಡ. ಪ್ರೀತಿಸುವವರು ನನ್ನ ಮೇಲೆ ಕೋಪ ಮಾಡಿಕೊಳ್ಳಲಿ.

350ಝಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗಟ್ಟಿ ಕಾರು, ಆದರೆ ಕಾರನ್ನು ಬೇಕಂತಲೇ ಅಡ್ಡ ಜಾರಿಸಿ ಡ್ರಿಫ್ಟ್ ಮಾಡುವವರ ಕೈಯಲ್ಲಿ ನುಜ್ಜಾಗದೆ ಉಳಿದದ್ದು ಸಿಗುವುದೇ ಅಪರೂಪ. ಬಿಎಂಡಬ್ಲ್ಯು 3 ಸೀರೀಸ್‌ನ ಹಳೆಯ ಎರಡು ತಲೆಮಾರು ಇ36, ಇ46ರ ಆರು ಸಿಲಿಂಡರ್ ಕೂಪೆಗಳು ಒಳ್ಳೆಯ ನಡುದಾರಿ. ಅವುಗಳ ಕೂಲಿಂಗ್ ವ್ಯವಸ್ಥೆಯಲ್ಲಿ ಪ್ಲಾಸ್ಟಿಕ್ ಜಾಸ್ತಿ, ಹಳೆಯದಾದಂತೆ ಸೀಳುತ್ತದೆ. ಒಂದು ಸಲ ಚೆನ್ನಾಗಿ ಕುದ್ದರೆ ಸಿಲಿಂಡರ್ ಹೆಡ್ ಸೊಟ್ಟಗಾಗುತ್ತದೆ. ಹಾಗಾಗಿ ಪಂಪು, ಥರ್ಮೋಸ್ಟಾಟ್, ಎಕ್ಸ್‌ಪಾನ್ಷನ್ ಟ್ಯಾಂಕ್ ಎಲ್ಲ ಹೊಸದಾಗಿ ಹಾಕಿಸಿ, ಆಮೇಲೆ ಓಡಿಸಿ. ಇ46 ಆದರೆ ಹಿಂದಿನ ಸಸ್ಪೆನ್ಷನ್ ಹೊರುವ ಚೌಕಟ್ಟು, ಅಂದರೆ ಸಬ್‌ಫ್ರೇಮ್ ಕೂರುವ ತಳದಲ್ಲಿ ಬಿರುಕು ಬಿಟ್ಟಿದೆಯಾ ನೋಡಬೇಕು.

ಮೂರನೇ ತಲೆಮಾರಿನ ಎಂಆರ್2, 1999ರಿಂದ 2007ರವರೆಗಿನ ಓಪನ್ ಕಾರು, ಹಗುರ ಮತ್ತು ಹಿಂದಿನದಕ್ಕಿಂತ ಸಾಧು. ಆದರೆ ಆರಂಭದ ವರ್ಷಗಳ 1.8 ಎಂಜಿನ್ ಆಯಿಲ್ ಕುಡಿಯುತ್ತದೆ. ಜೊತೆಗೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲೇ ಇರುವ ಹೊಗೆ ಶುದ್ಧ ಮಾಡುವ ಸಣ್ಣ ಕ್ಯಾಟಲಿಸ್ಟ್ ಪುಡಿಯಾಗಿ ಎಂಜಿನ್ ಒಳಗೇ ಸೇರಿಕೊಳ್ಳುತ್ತದೆ. ಅದೇ ಎಂಜಿನ್ ಇರುವ ಅದೇ ಕಾಲದ ಸೆಲಿಕಾಗೂ ಆಯಿಲ್ ಮಾತು ಅನ್ವಯ. ಸೆಲಿಕಾ ಮುಂದಿನ ಚಕ್ರದ್ದು, ಹ್ಯಾಚ್‌ಬ್ಯಾಕ್, ಸಾಮಾನು ಹಿಡಿಸುತ್ತದೆ. ದಿನಾ ಓಡಾಡಲು ಒಂದೇ ಕಾರು ಬೇಕು ಅನ್ನುವವರು ಇಂಥದ್ದನ್ನು ಕಡೆಗಣಿಸಬಾರದು.

ಬೆಲೆಯ ಆಚೆಗಿನ ಬೆಲೆ

ಕಾರು ನೋಡಲು ಹೋಗುವ ಮೊದಲೇ ವಿಮೆಯ ಮೊತ್ತ ಕೇಳಿಕೊಳ್ಳಿ. ಎಳೆ ವಯಸ್ಸು, ಎರಡು ಸೀಟು, ದೊಡ್ಡ ಎಂಜಿನ್, ಈ ಮೂರೂ ಒಟ್ಟಿಗೆ ಬಂದರೆ ಕಂಪನಿಯವರು ಹೇಳುವ ಮೊತ್ತ ಕೇಳಿಯೇ ಅರ್ಧ ಆಯ್ಕೆಗಳು ಪಟ್ಟಿಯಿಂದ ಬೀಳುತ್ತವೆ. ಕೈಯಲ್ಲಿರುವ ದುಡ್ಡಿನಲ್ಲಿ ಕಾಲು ಭಾಗ ಮುಟ್ಟಬೇಡಿ. ಮೊದಲ ಆರು ತಿಂಗಳಲ್ಲಿ ಅದು ತಾನಾಗೇ ದಾರಿ ಹುಡುಕಿಕೊಂಡು ಹೋಗುತ್ತದೆ: ಟೈರು, ಬ್ರೇಕು, ಬುಷ್ಷು, ಎಲ್ಲ ಆಯಿಲ್ಲುಗಳು.

ಹಿಂದಿನವರು ಮಾಡಿಫೈ ಮಾಡಿದ್ದರೆ ನನಗಂತೂ ಅನುಮಾನ. ಕತ್ತರಿಸಿದ ಸ್ಪ್ರಿಂಗ್, ಸ್ಪ್ರಿಂಗು, ಶಾಕ್ ಎರಡೂ ಕೂಡಿದ ಹೆಸರಿಲ್ಲದ ಕಾಯಿಲ್‌ಓವರ್, ಎಲ್ಲಿಂದಲೋ ತಂದು ಕೂರಿಸಿದ ಟರ್ಬೊ. ಬಿಲ್ ಇಲ್ಲದ ಮಾಡಿಫಿಕೇಶನ್ ಅಂದರೆ ಬೇರೆಯವರ ಪ್ರಯೋಗಕ್ಕೆ ನೀವು ದುಡ್ಡು ಕೊಟ್ಟ ಹಾಗೆ.

ನೋಡಲು ಹೋದಾಗ ಮೊದಲ ಕೆಲಸ, ಬಾನೆಟ್ ಮೇಲೆ ಕೈ ಇಡುವುದು. ನನ್ನ ಮೊದಲ ಕಾರು ನೋಡಲು ಹೋದಾಗ ಬಾನೆಟ್ ಬೆಚ್ಚಗಿತ್ತು. "ಈಗಷ್ಟೇ ತೊಳೆದು ತಂದೆ" ಅಂದರು ಮಾರುವವರು. ಎಂಥ ಒಳ್ಳೆಯ ಮನುಷ್ಯ, ನನಗಾಗಿ ತೊಳೆದಿದ್ದಾರೆ ಅಂದುಕೊಂಡೆ. ಮರುದಿನ ಬೆಳಿಗ್ಗೆ ನಾನೇ ತಣ್ಣಗೆ ಸ್ಟಾರ್ಟ್ ಮಾಡಿದಾಗ ಹಿಂದಿನ ಗೋಡೆ ಕಾಣದಷ್ಟು ನೀಲಿ ಹೊಗೆ. ರಾತ್ರಿಯೆಲ್ಲ ವಾಲ್ವ್ ಸೀಲಿನಿಂದ ಇಳಿದ ಆಯಿಲ್ ಸುಡುತ್ತಿತ್ತು. ಅದಕ್ಕೇ ಹೇಳುವುದು, ತಣ್ಣಗಿರಬೇಕು ಅಂತ ಮೊದಲೇ ಫೋನಿನಲ್ಲಿ ಹೇಳಿ. ಹೋದಾಗ ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ತಣ್ಣಗಿರುವಾಗಲೇ ಎರಡನೇ ಗೇರಿಗೆ ಹಾಕಿ ನೋಡಿ. ಕರಕರ ಅಂದರೆ ಗೇರು ಸಲೀಸಾಗಿ ಕೂರಿಸುವ ಸಿಂಕ್ರೊ ಸವೆದಿದೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಇಂಥ ಕಾರುಗಳು ಕಡಿಮೆ ಓಡುವುದರಿಂದ ಟೈರಿನ ಗೆರೆ ಸವೆಯುವುದಿಲ್ಲ, ರಬ್ಬರ್ ಮಾತ್ರ ಕಲ್ಲಾಗಿರುತ್ತದೆ. ಹತ್ತು ವರ್ಷ ದಾಟಿದ್ದರೆ ಎಷ್ಟೇ ಚೆನ್ನಾಗಿ ಕಂಡರೂ ಬದಲಿಸಿ. ಮೇಲೆ ಹೇಳಿದ ಗೆಳೆಯನ ಕಾರಿನ ಟೈರು ಆಮೇಲೆ ನೋಡಿದೆವು. ನಮ್ಮಿಬ್ಬರ ಲೈಸೆನ್ಸಿಗಿಂತ ಹಳೆಯದು.

ಮೊನ್ನೆ ಅಕ್ಕನ ಮಗಳು ಕಾರು ತಗೊಂಡಳು. ಪಟ್ಟಿಯ ಕೊನೆಗೆ ಎರಡು ಉಳಿದಿದ್ದವು. ಹೊಳೆಯುವ ಕಪ್ಪು ಬಾಕ್ಸ್‌ಸ್ಟರ್, ಬಿಲ್ಲುಗಳಿಲ್ಲ. ಮಾಸಿದ ಬೆಳ್ಳಿ ಬಣ್ಣದ ಎನ್‌ಬಿ, ಜೊತೆಗೆ ಇಟ್ಟಿಗೆಯಷ್ಟು ದಪ್ಪದ ಬಿಲ್ಲಿನ ಕಡತ. ಒಂದು ವಾರ ನಿದ್ದೆಗೆಟ್ಟು ಎನ್‌ಬಿ ಅಂದಳು. ತಂದ ದಿನವೇ ಬಾಟಲಿಯಲ್ಲಿ ನೀರು ಹಿಡಿದು ಹುಡ್‌ನ ಮೂಲೆಗೆ ಸುರಿದಳು, ನಾನು ಹಿಂದಿನ ಚಕ್ರದ ಹತ್ತಿರ ಬಗ್ಗಿ ಕೂತೆ. ಎಡಗಡೆ ನೀರು ಬಂತು. ಬಲಗಡೆ ಬರಲಿಲ್ಲ. ಹಳೆಯ ಸೈಕಲ್ಲಿನ ಬ್ರೇಕ್ ಕೇಬಲ್ ತೂರಿಸಿ ಹತ್ತು ನಿಮಿಷ ಆಡಿಸಿದ ಮೇಲೆ ಮೊದಲು ಒಂದು ಹಿಡಿ ಕೊಳೆತ ಎಲೆ ಬಿತ್ತು, ಆಮೇಲೆ ಕರ್ರಗಿನ ನೀರು, ನನ್ನ ಶೂ ಮೇಲೆ.